ಒಂದು ಮಾರು, ಒಂದು ಮೊಳ: ಗ್ರೀನ್‌ಲ್ಯಾಂಡಿನ ಹುಟ್ಟು ಮಾಡುವ ಬಗೆ

ಮಲ್ಲಿಗೆ ಕೊಳ್ಳುವಾಗ ನಾವು ಇವತ್ತಿಗೂ ಮೊಳ, ಮಾರು ಅಂತಲೇ ಕೇಳುತ್ತೇವೆ. ಹೂವಾಡಗಿತ್ತಿಯ ಕೈ ಉದ್ದ ಇದ್ದರೆ ನಮಗೆ ಲಾಭ, ಗಿಡ್ಡ ಇದ್ದರೆ ನಮ್ಮ ಹಣೆಬರಹ. ಗ್ರೀನ್‌ಲ್ಯಾಂಡಿನ ಇನ್ಯೂಟ್ ಬೇಟೆಗಾರರು ಕಯಾಕ್ ದೋಣಿಗೆ ಹುಟ್ಟು ಮಾಡುವಾಗಲೂ ಹೆಚ್ಚುಕಮ್ಮಿ ಇದೇ ಲೆಕ್ಕ ಹಿಡಿಯುತ್ತಿದ್ದರು. ಎರಡೂ ಕೈ ಚಾಚಿದರೆ ಒಂದು ಮಾರು, ಅದಕ್ಕೆ ಒಂದು ಮೊಳ ಸೇರಿಸಿದರೆ ಹುಟ್ಟಿನ ಉದ್ದ. ಆದರೆ ಅಲ್ಲಿ ಅಳತೆಯ ಕೈ ಹುಟ್ಟು ಹಾಕುವವನದ್ದೇ ಆಗಿರಬೇಕು. ಅಣ್ಣನಿಗೆ ಮಾಡಿದ್ದು ತಮ್ಮನಿಗೆ ಸರಿಹೋಗುತ್ತದೆ ಎನ್ನುವ ಭರವಸೆ ಇಲ್ಲ.

ನಾನು ಇಂಥ ಎರಡು ಹುಟ್ಟು ಮಾಡಿದ್ದೇನೆ. ಮೊದಲನೆಯದು ಕೆಟ್ಟಿತು, ಎರಡನೆಯದು ಇನ್ನೂ ನನ್ನ ಬಳಿ ಇದೆ. ನಾಲ್ಕೈದು ಭಾನುವಾರ, ಒಂದು ಒಳ್ಳೆಯ ಮರದ ತುಂಡು, ಹರಿತವಾದ ಕೀಸುಳಿ, ಸ್ವಲ್ಪ ತಾಳ್ಮೆ ಇದ್ದರೆ ನೀವೂ ಮಾಡಬಹುದು. ಬಡಗಿ ಕೆಲಸ ಕಲಿತವರೇ ಆಗಬೇಕೆಂದಿಲ್ಲ. ನಾನಂತೂ ಅಲ್ಲ.

ಇದು ಎಂಥ ಹುಟ್ಟು?

ಸಾಲಿಗ್ರಾಮದ ಹಿನ್ನೀರಿನಲ್ಲೋ ಹೊನ್ನಾವರದ ಶರಾವತಿಯಲ್ಲೋ ಬಾಡಿಗೆ ಕಯಾಕ್ ಹತ್ತಿದವರಿಗೆ ಪ್ಲಾಸ್ಟಿಕ್ ಹುಟ್ಟು ಗೊತ್ತಿರುತ್ತದೆ. ಅಲ್ಯೂಮಿನಿಯಂ ಕೋಲು, ಎರಡು ತುದಿಗೂ ಅಗಲವಾದ ಸೌಟಿನಂಥ ಅಲಗು. ಗ್ರೀನ್‌ಲ್ಯಾಂಡಿನದು ಬೇರೆಯೇ ಜಾತಿ. ನೋಡಿದರೆ ಉದ್ದನೆಯ ಮರದ ಪಟ್ಟಿ ಅಷ್ಟೇ. ನಡುವೆ ಚಿಕ್ಕ ಹಿಡಿ, ಎರಡು ಕಡೆಗೂ ಉದ್ದವಾದ ಸಪೂರ ಅಲಗು. ಅಲಗಿನ ಅಗಲ ತೀರಾ ತುದಿಯಲ್ಲೂ 8–9 ಸೆಂಮೀ ದಾಟುವುದಿಲ್ಲ. ಎರಡು ಅಲಗೂ ಒಂದೇ ಮಟ್ಟದಲ್ಲಿರುತ್ತವೆ, ಒಂದಕ್ಕೊಂದು ತಿರುಚಿರುವುದಿಲ್ಲ. ಹಿಂದು ಮುಂದು ಅಂತಿಲ್ಲ, ಹೇಗೆ ಹಿಡಿದರೂ ಒಂದೇ.

‘ಇಷ್ಟು ಸಣ್ಣ ಅಲಗಿನಲ್ಲಿ ನೀರು ತಳ್ಳೋದು ಹೇಗೆ?’ ಅಂತ ಎಲ್ಲರೂ ಕೇಳುತ್ತಾರೆ. ಅಗಲ ಕಡಿಮೆ ಇದ್ದರೂ ಉದ್ದ ಜಾಸ್ತಿ ಅಲ್ವಾ, ಲೆಕ್ಕ ಸರಿಹೋಗುತ್ತದೆ. ಮೇಲಾಗಿ ಗಾಳಿ ಬೀಸುವಾಗ ಮೇಲೆದ್ದ ಅಲಗನ್ನು ಅದು ಎಳೆದಾಡುವುದಿಲ್ಲ. ಗಂಟೆಗಟ್ಟಲೆ ಹುಟ್ಟು ಹಾಕಿದರೂ ಭುಜ ಅಷ್ಟಾಗಿ ಸೋಲುವುದಿಲ್ಲ. ನೀರಿಗೆ ಇಳಿಯುವಾಗ, ಏಳುವಾಗ ಸದ್ದು ಕಡಿಮೆ. ಸೀಲ್ ಬೇಟೆಗೆ ಹೋದವನಿಗೆ ಈ ಕೊನೆಯ ಗುಣ ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಿಲ್ಲ. ಈಟಿ ಎಸೆಯುವ ಹೊತ್ತಿಗೆ ಇದೇ ಹುಟ್ಟನ್ನು ದೋಣಿಯ ಮೇಲಿನ ಪಟ್ಟಿಯಡಿ ಅಡ್ಡ ಸಿಕ್ಕಿಸಿದರೆ ದೋಣಿ ಓಲಾಡದೆ ನಿಲ್ಲುತ್ತಿತ್ತು. ದೋಣಿ ಮಗುಚಿದರೆ ಅದನ್ನು ಮತ್ತೆ ಎಬ್ಬಿಸುವುದೂ ಇದೇ ಹುಟ್ಟಿನಿಂದ. ಮರ ತೇಲುವುದರಿಂದ ನೀರಿನಡಿಯಿಂದ ತಾನೇ ಮೇಲಕ್ಕೆ ಬರಲು ನೋಡುತ್ತದೆ.

ನಾವು ಶಾಲೆಯಲ್ಲಿ ಇವರನ್ನು ಎಸ್ಕಿಮೋಗಳು ಎಂದು ಓದಿದವರು. ಈಗ ಆ ಹೆಸರನ್ನು ಬಿಟ್ಟು ಇನ್ಯೂಟ್ ಎನ್ನುವುದು ರೂಢಿ. ಗ್ರೀನ್‌ಲ್ಯಾಂಡಿನವರು ತಮ್ಮನ್ನು ಕಲಾಲ್ಲಿತ್ ಎಂದು ಕರೆದುಕೊಳ್ಳುತ್ತಾರೆ. ಅವರ ಭಾಷೆಯಲ್ಲಿ ಈ ಹುಟ್ಟು ‘ಪಾತಿತ್’. ಕಯಾಕ್ ಎಂಬ ಮಾತು ನಮಗೆ ಬಂದದ್ದೂ ಇನ್ಯೂಟ್ ಭಾಷೆಯಿಂದಲೇ. ಮರದ ಚೌಕಟ್ಟಿಗೆ ಸೀಲ್ ತೊಗಲು ಬಿಗಿದು ಹೊಲಿದ ದೋಣಿ ಅದು. ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ ನಮ್ಮ ಹರಿಗೋಲಿನ ದೂರದ ನೆಂಟ ಅನ್ನಿ. ಇನ್ಯೂಟರೆಲ್ಲರ ಹುಟ್ಟೂ ಒಂದೇ ತರಹ ಇರಲಿಲ್ಲ. ಕೆನಡಾದ ಪೂರ್ವ ಆರ್ಕ್‌ಟಿಕ್ ಕಡೆ ದೋಣಿ ಅಗಲ, ಹುಟ್ಟು 3 ಮೀಟರಿನ ಹತ್ತಿರ. ಅಲಾಸ್ಕಾದ ಕೆಲವು ಕಡೆ ಒಂದೇ ಅಲಗಿನ ಹುಟ್ಟು. ಇಲ್ಲಿ ಹೇಳುತ್ತಿರುವುದು ಪಶ್ಚಿಮ ಗ್ರೀನ್‌ಲ್ಯಾಂಡಿನ ಬಗೆ. ಹೊಸಬರ ಕೈಗೆ ಒಗ್ಗುವುದು ಇದೇ.

ಮರ ಆರಿಸುವುದು

ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟು ಮಾಡುವಷ್ಟು ದೊಡ್ಡ ಮರ ಬೆಳೆಯುವುದೇ ಅಪರೂಪ. ಹಾಗಾದರೆ ಮರ ಎಲ್ಲಿಂದ? ಸೈಬೀರಿಯಾದ ಲೀನಾ, ಯೆನಿಸೇ, ಓಬ್ ನದಿಗಳು ಸ್ಪ್ರೂಸ್, ಪೈನ್, ಲಾರ್ಚ್ ದಿಮ್ಮಿಗಳನ್ನು ಸಮುದ್ರಕ್ಕೆ ತಳ್ಳುತ್ತವೆ. ಅವು ಆರ್ಕ್‌ಟಿಕ್ ಸಮುದ್ರದ ಹಿಮದಲ್ಲಿ ಸಿಕ್ಕಿಕೊಂಡು, ಅದರ ಜೊತೆಗೇ ವರ್ಷಗಟ್ಟಲೆ ತೇಲಿ, ಕೊನೆಗೆ ಗ್ರೀನ್‌ಲ್ಯಾಂಡಿನ ದಡಕ್ಕೆ ಬಂದು ಬೀಳುತ್ತವೆ. ಹೀಗೆ ಬಂದ ಮರವನ್ನು ಯಾರು ತಾನೇ ಪೋಲು ಮಾಡುತ್ತಾರೆ? ಸಪೂರ ಹುಟ್ಟಿಗೆ ಇದೂ ಒಂದು ಕಾರಣ ಎಂದು ಹೇಳುವವರಿದ್ದಾರೆ. ನನಗೂ ಅದು ನಂಬುವಂಥ ಮಾತೇ ಅನಿಸುತ್ತದೆ.

ನಮಗೆ ಬೇಕಾದ್ದು ಹಗುರ, ನೇರ ನಾರಿನ, ಗಂಟಿಲ್ಲದ ಮರ. ಈಗ ಹುಟ್ಟು ಮಾಡುವವರ ಅಚ್ಚುಮೆಚ್ಚು ವೆಸ್ಟರ್ನ್ ರೆಡ್ ಸೀಡರ್. ಇದು ಘನ ಮೀಟರಿಗೆ ಸುಮಾರು 370 ಕೆಜಿ ತೂಗುತ್ತದೆ. ಸಿಟ್ಕಾ ಸ್ಪ್ರೂಸ್ 430ರ ಆಸುಪಾಸು. ತೇಗ ಸುಮಾರು 650. ಅಂದರೆ ಸೀಡರಿನಲ್ಲಿ 850 ಗ್ರಾಂ ಬರುವ ಹುಟ್ಟು ತೇಗದಲ್ಲಿ ಒಂದೂವರೆ ಕೆಜಿ. ಅದನ್ನು ನಿಮಿಷಕ್ಕೆ ಐವತ್ತು ಅರವತ್ತು ಸಲ ಎತ್ತಿ ಇಳಿಸಬೇಕು. ತೇಗ ಒಳ್ಳೆಯ ಮರವೇ, ಬಾಗಿಲಿಗೆ. ಸಿಯಾಟಲ್, ವ್ಯಾಂಕೂವರ್ ಕಡೆ ಇರುವ ಕನ್ನಡಿಗರಿಗೆ ಸೀಡರ್ ಸಲೀಸಾಗಿ ಸಿಗುತ್ತದೆ. ಬೆಂಗಳೂರಿನಲ್ಲಾದರೆ ಆಮದು ಪೈನ್ ನೋಡಿ. ತುಸು ಭಾರ, ಆದರೂ ಒಂದು ಕೆಜಿ ಚಿಲ್ಲರೆಯಲ್ಲಿ ಮುಗಿಯುತ್ತದೆ.

ಟಿಂಬರ್ ಡಿಪೋದಲ್ಲಿ 4 ಇಂಚು ಅಗಲ, 2 ಇಂಚು ದಪ್ಪ, 8 ಅಡಿ ಉದ್ದದ ತುಂಡು ಕೇಳಿ. ಸವರಿದ ಮೇಲೆ ಕನಿಷ್ಠ 90 ಮಿಮೀ ಅಗಲ, 35 ಮಿಮೀ ದಪ್ಪ ಉಳಿಯಬೇಕು. ಹತ್ತು ತುಂಡು ಎಳೆದು ಹಾಕಿಸಿ ನೋಡಲು ಸಂಕೋಚ ಬೇಡ. ಒಂದು ಕಣ್ಣು ಮುಚ್ಚಿ ಉದ್ದಕ್ಕೆ ದಿಟ್ಟಿಸಿ. ಡೊಂಕು, ತಿರುಚು ಇದ್ದರೆ ಬದಿಗಿಡಿ. ಅಗಲ ಮುಖದ ಮೇಲೆ ನಾರಿನ ಗೆರೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಒತ್ತೊತ್ತಾಗಿ, ನೇರವಾಗಿ ಓಡಿರಬೇಕು. ಗೆರೆ ಅರ್ಧ ದಾರಿಯಲ್ಲೇ ಅಂಚಿನಿಂದ ಹೊರಗೆ ಜಾರಿದ್ದರೆ ಮುಂದೆ ಅಲ್ಲೇ ಮುರಿಯುವುದು.

ನನ್ನ ಮೊದಲ ತುಂಡಿನಲ್ಲಿ ಒಂದು ಗಂಟು ಇತ್ತು, ಕಡಲೆಕಾಳಿನಷ್ಟು. ‘ಏನೂ ಆಗಲ್ಲ ಸಾರ್’ ಅಂದ ಅಂಗಡಿಯವ. ನಾನೂ ನಂಬಿದೆ. ಅಲಗು ತೆಳ್ಳಗಾಗುತ್ತಾ ಬಂದಂತೆ ಆ ಗಂಟು ಸರಿಯಾಗಿ ಅಂಚಿಗೇ ಬಂತು. ಒಂದು ದಿನ ಕೀಸುಳಿ ತಾಗಿ ಗಂಟೂ ಹೋಯಿತು, ಅದರ ಸುತ್ತಲಿನ ಎರಡು ಇಂಚು ಮರವೂ ಹೋಯಿತು. ಹಿಡಿಯ ನಡುಭಾಗದಲ್ಲಿ ಚಿಕ್ಕ ಗಂಟಿದ್ದರೆ ಹೇಗೋ ನಡೆದೀತು. ಅಲಗಿನಲ್ಲಿ ಖಂಡಿತ ಬೇಡ.

ಅಳತೆ: ಟೇಪು ಆಮೇಲೆ, ಮೊದಲು ಕೈ

ಗೋಡೆಗೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಲ್ಲಿ. ನಡುಬೆರಳ ತುದಿಯಿಂದ ತುದಿಗೆ ಗುರುತು ಹಾಕಿಸಿಕೊಳ್ಳಿ. ಅದಕ್ಕೆ ಮೊಣಕೈಯಿಂದ ಬೆರಳ ತುದಿಯವರೆಗಿನ ಮೊಳ ಸೇರಿಸಿ. ನನ್ನದು 170 ಸೆಂಮೀ ಮಾರು, 46 ಸೆಂಮೀ ಮೊಳ, ಒಟ್ಟು 216. ತಾಳೆ ನೋಡಲು ಇನ್ನೊಂದು ದಾರಿಯಿದೆ. ಅಷ್ಟುದ್ದದ ಕೋಲನ್ನು ನೆಲಕ್ಕೆ ಊರಿ ಕೈ ಮೇಲೆತ್ತಿ. ಬೆರಳುಗಳು ಕೋಲಿನ ತುದಿಯ ಮೇಲೆ ಕೊಕ್ಕೆಯಂತೆ ಬಾಗಿ ಕೂತರೆ ಸರಿ. ಎರಡು ಲೆಕ್ಕಕ್ಕೂ ಮೂರು ನಾಲ್ಕು ಸೆಂಮೀ ವ್ಯತ್ಯಾಸ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ದೋಣಿ ಅಗಲವಿದ್ದರೆ ಉದ್ದದ ಕಡೆಗೆ, ಸಪೂರವಿದ್ದರೆ ಗಿಡ್ಡದ ಕಡೆಗೆ ವಾಲಿ. ಸಂಶಯ ಬಂದರೆ ಉದ್ದವೇ ಇರಲಿ, ಕತ್ತರಿಸುವುದು ಯಾವತ್ತೂ ಸುಲಭ.

ಹಿಡಿಯ ಉದ್ದಕ್ಕೆ ಮೊಣಕೈ ಪಕ್ಕೆಗೆ ಆನಿಸಿ, ಮುಂಗೈ ಮುಂದೆ ಚಾಚಿ, ಕೋಲು ಹಿಡಿದಂತೆ ಮುಷ್ಟಿ ಮಾಡಿ. ಎರಡು ತೋರುಬೆರಳುಗಳ ನಡುವಿನ ಅಂತರವೇ ಹಿಡಿ. ಬಹುತೇಕರಿಗೆ 45ರಿಂದ 55 ಸೆಂಮೀ ಬರುತ್ತದೆ. ಹಿಡಿಯ ದಪ್ಪ ಎಷ್ಟಿರಬೇಕೆಂದರೆ, ಸುತ್ತ ಹಿಡಿದಾಗ ಹೆಬ್ಬೆರಳ ತುದಿಗೆ ತೋರುಬೆರಳ ತುದಿ ಮುಟ್ಟಬೇಕು. ಅಲಗಿನ ಅಗಲಕ್ಕೆ ಅಂಗೈಯನ್ನು ಅಲಗಿನ ಮುಖಕ್ಕೆ ಒರಗಿಸಿ. ಒಂದು ಅಂಚಿಗೆ ಹೆಬ್ಬೆರಳು, ಇನ್ನೊಂದು ಅಂಚಿಗೆ ಉಳಿದ ಬೆರಳುಗಳ ಮೊದಲ ಗೆಣ್ಣು ಆರಾಮಾಗಿ ಕೊಕ್ಕೆ ಹಾಕುವಷ್ಟು ಇರಲಿ. ಅದಕ್ಕಿಂತ ಅಗಲ ಮಾಡಿದರೆ, ಹುಟ್ಟನ್ನು ಜಾರಿಸಿ ಅಲಗನ್ನೇ ಹಿಡಿಯಬೇಕಾದಾಗ ಕೈಗೆ ಸಿಗುವುದಿಲ್ಲ. ನನಗೆ 86 ಮಿಮೀ ಬಂತು. ಈ ಅಂಕಿಗಳನ್ನೆಲ್ಲ ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಕೆಲಸದ ನಡುವೆ ನೆನಪಿನ ಮೇಲೆ ಹೋದರೆ ಎಡವಟ್ಟು ಗ್ಯಾರಂಟಿ.

ಗೆರೆ ಹಾಕುವುದು

ಮರವನ್ನು ನಿಮ್ಮ ಉದ್ದಕ್ಕೆ ಕತ್ತರಿಸಿ. ನಾಲ್ಕೂ ಮುಖದ ಮೇಲೆ, ಎರಡು ತುದಿಯ ಮೇಲೂ ನಡುಗೆರೆ ಎಳೆಯಿರಿ. ಇಡೀ ಕೆಲಸಕ್ಕೆ ಈ ಗೆರೆಯೇ ಆಧಾರ. ಕೀಸುವಾಗ ಅಳಿಸಿ ಹೋದಾಗಲೆಲ್ಲ ಮತ್ತೆ ಎಳೆಯುತ್ತಿರಿ.

ಉದ್ದದ ಸರಿ ಮಧ್ಯಕ್ಕೆ ಅಡ್ಡಗೆರೆ ಹಾಕಿ, ಅಲ್ಲಿಂದ ಎರಡು ಕಡೆಗೂ ಹಿಡಿಯ ಅರ್ಧರ್ಧ ಗುರುತಿಸಿ. ಹಿಡಿ 50 ಸೆಂಮೀ ಎಂದಿಟ್ಟುಕೊಂಡರೆ ಎಡಕ್ಕೆ 25, ಬಲಕ್ಕೆ 25. ಅದರಾಚೆ 3 ಸೆಂಮೀ ‘ಹೆಗಲು’. ಹಿಡಿ ಮುಗಿದು ಅಲಗು ಶುರುವಾಗುವ ಜಾಗ ಇದು. ಉಳಿದದ್ದೆಲ್ಲ ಅಲಗು.

ಈಗ ಅಗಲ ಮುಖದ ಮೇಲೆ ಆಕಾರ ಬರೆಯಿರಿ. ಹಿಡಿಯ ಅಗಲ 38 ಮಿಮೀ, ನಡುಗೆರೆಯಿಂದ ಆಚೆ 19, ಈಚೆ 19. ಹೆಗಲು ಮುಗಿಯುವಲ್ಲಿ 50 ಮಿಮೀ. ಅಲ್ಲಿಂದ ತುದಿಗೆ 6 ಸೆಂಮೀ ಇರುವಾಗ ನಿಮ್ಮ ಪೂರ್ತಿ ಅಗಲ. ಈ ಎರಡು ಗುರುತುಗಳನ್ನು ಉದ್ದನೆಯ ನೇರ ಪಟ್ಟಿಯಿಟ್ಟು ಕೂಡಿಸಿ. ತುದಿಯನ್ನು ಕಮಾನಿನಂತೆ ದುಂಡಗೆ ಮಾಡಿ. ಊಟದ ತಟ್ಟೆಯ ಅಂಚಿಟ್ಟು ಗೀಚಿದರೆ ಚೆನ್ನಾಗಿ ಬರುತ್ತದೆ. ಕಾಲು ಭಾಗಕ್ಕೆ ಮಾತ್ರ ರಟ್ಟಿನ ಅಚ್ಚು ಮಾಡಿಕೊಂಡು ಅದನ್ನೇ ತಿರುಗಿಸಿ ಮಗುಚಿ ನಾಲ್ಕು ಕಡೆಗೂ ಬಳಸಿದರೆ ಎಡ ಬಲ ಬೇರೆಯಾಗುವುದಿಲ್ಲ.

ಕೊಯ್ದು ಕೀಸುವುದು

ಗೆರೆಯ ಹೊರಗೆ ಎರಡು ಮಿಮೀ ಬಿಟ್ಟು ಗರಗಸ ಹಾಕಿ. ಕೈಗರಗಸವಾದರೆ ಪ್ರತಿ ಹತ್ತು ಸೆಂಮೀಗೆ ಗೆರೆಯವರೆಗೆ ಅಡ್ಡ ಕೊಯ್ದು, ಉಳಿಯಿಂದ ತುಂಡು ತುಂಡಾಗಿ ಎಬ್ಬಿಸಿದರೆ ಬೇಗ ಆಗುತ್ತದೆ. ಜಿಗ್ಸಾ ಇದ್ದರೆ ಇನ್ನೂ ಸಲೀಸು. ಆಮೇಲೆ ಕೀಸುಳಿಯಿಂದ ಗೆರೆಯ ತನಕ ಸವರಿ. ಅಂಚು ಮುಖಕ್ಕೆ ನೇರ ಮೂಲೆಯಲ್ಲೇ ಇದೆಯೇ ಎಂದು ಮೂಲೆಮಟ್ಟ ಇಟ್ಟು ನೋಡುತ್ತಿರಿ. ಇಲ್ಲಿ ವಾಲಿದರೆ ಮುಂದಿನದೆಲ್ಲ ವಾಲುತ್ತದೆ.

ಮುಂದಿನದು ದಪ್ಪ. ಈಗ ಪಕ್ಕದ ಅಂಚುಗಳ ಮೇಲೆ ಬರೆಯಬೇಕು. ಹಿಡಿಯಲ್ಲಿ 32 ಮಿಮೀ, ಹೆಗಲಿನ ಆಚೆ 28, ಅಲ್ಲಿಂದ ತುದಿಗೆ ಇಳಿಯುತ್ತಾ ಇಳಿಯುತ್ತಾ 12. ನಡುಗೆರೆಯಿಂದ ಎರಡು ಕಡೆಗೂ ಸಮನಾಗಿ ಹಂಚಿ. ಕೀಸುಳಿ ಹಾಕುವಾಗ ಯಾವಾಗಲೂ ಹಿಡಿಯ ಕಡೆಯಿಂದ ತುದಿಯ ಕಡೆಗೆ ತಳ್ಳಿ. ಇಳಿಜಾರಿನಲ್ಲಿ ಕೆಳಗೆ ಹೋದರೆ ನಾರು ಮಾತು ಕೇಳುತ್ತದೆ, ಏರಿನಲ್ಲಿ ಹೋದರೆ ಕಿತ್ತು ಬರುತ್ತದೆ. ‘ಚರ್’ ಎಂದು ಹರಿದ ಸದ್ದು ಬಂದರೆ ಅಲ್ಲೇ ನಿಲ್ಲಿಸಿ ದಿಕ್ಕು ಬದಲಿಸಿ. ಹುರುಳಿ ಹಪ್ಪಳದಷ್ಟು ತೆಳುವಾದ ಸುರುಳಿ ಬರುತ್ತಿದ್ದರೆ ಅಲಗು ಹರಿತ ಇದೆ ಎಂದರ್ಥ. ಪುಡಿ ಬರುತ್ತಿದ್ದರೆ ಸಾಣೆ ಹಿಡಿಯಿರಿ.

ಈಗ ಕೈಯಲ್ಲಿರುವುದು ಚಪ್ಪಟೆಯಾದ ಹಲಗೆಯಂಥ ಹುಟ್ಟು. ಇದನ್ನು ನೀರು ಸೀಳುವಂತೆ ಮಾಡುವ ಹಂತವೇ ಎಲ್ಲಕ್ಕಿಂತ ಖುಷಿಯದು. ಅಲಗಿನ ಅಂಚಿನ ನಡುಗೆರೆಯ ಎರಡು ಬದಿಗೂ 3 ಮಿಮೀ ದೂರದಲ್ಲಿ ಒಂದೊಂದು ಗೆರೆ ಎಳೆಯಿರಿ. ಈ 6 ಮಿಮೀ ಅಂಚನ್ನು ಈಗ ಮುಟ್ಟುವಂತಿಲ್ಲ. ಈ ಗೆರೆಯಿಂದ ಮುಖದ ನಡುಗೆರೆಯವರೆಗೆ ಓರೆಯಾಗಿ ಕೀಸುತ್ತಾ ಬನ್ನಿ. ನಾಲ್ಕು ಮಗ್ಗುಲನ್ನೂ ಮುಗಿಸಿದಾಗ ಅಲಗನ್ನು ಅಡ್ಡ ಕೊಯ್ದರೆ ಚಪ್ಪಟೆ ವಜ್ರದ ಆಕಾರ ಕಾಣಬೇಕು. ಆಮೇಲೆ ನಡುವಿನ ಏಣನ್ನು ಸ್ವಲ್ಪ ಸ್ವಲ್ಪವೇ ಸವರಿ ಭೂತಗನ್ನಡಿಯ ಮಸೂರದಂತೆ ಉಬ್ಬು ತನ್ನಿ. ಹೆಗಲಿನ ಹತ್ತಿರ ಏಣು ಚೂರು ಉಳಿದಿರಲಿ, ಬಲ ಬರುವುದು ಅಲ್ಲಿಂದ. ತುದಿಯ ಕಡೆ ಪೂರ್ತಿ ಮಾಯವಾಗಲಿ.

ಒಂದೇ ಮಗ್ಗುಲನ್ನು ಹಿಡಿದು ಮುಗಿಸಲು ಹೋಗಬೇಡಿ. ಇಲ್ಲಿ ಹತ್ತು ಸಲ, ಅಲ್ಲಿ ಹತ್ತು ಸಲ, ಮಗುಚಿ ಮತ್ತೆ ಹತ್ತು ಸಲ. ನಾನು ಎಣಿಸಿಕೊಂಡೇ ಮಾಡಿದೆ. ಅಂಚನ್ನು ಚೂರಿಯಂತೆ ಹರಿತ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ನನಗೂ ಬಂದಿತ್ತು. ಬಂಡೆಗೆ ಒಮ್ಮೆ ತಾಗಿದರೆ ಅಂಥ ಅಂಚು ಚಕ್ಕೆ ಏಳುತ್ತದೆ. ದುಂಡಗೆ ಮಾಡಿದ ಮೇಲೂ 5 ಮಿಮೀ ದಪ್ಪ ಉಳಿದಿರಲಿ.

ಹಿಡಿಯ ಕೆಲಸ ಸಣ್ಣದು. ಪ್ರತಿ ಮೂಲೆಯಿಂದ ಎರಡು ಕಡೆಗೂ 8–9 ಮಿಮೀ ಗುರುತಿಸಿ ಮೂಲೆ ಹಾರಿಸಿ, ಎಂಟು ಮುಖ ಬರುತ್ತದೆ. ಆ ಎಂಟು ಏಣುಗಳನ್ನೂ ಸವರಿದರೆ ಮೊಟ್ಟೆಯಾಕಾರ. ಪೂರ್ತಿ ದುಂಡಗೆ ಮಾಡಬೇಡಿ. ಮೊಟ್ಟೆಯಾಕಾರ ಇದ್ದರೆ ಕತ್ತಲಲ್ಲೂ, ನೀರಿನಡಿಯಲ್ಲೂ ಅಲಗು ಯಾವ ಕಡೆ ತಿರುಗಿದೆ ಎಂದು ಅಂಗೈಗೆ ಗೊತ್ತಾಗುತ್ತದೆ. ದೋಣಿ ಮಗುಚಿ ತಲೆಕೆಳಗಾದವನಿಗೆ ಇದರ ಬೆಲೆ ತಿಳಿಯುತ್ತದೆ. ಹೆಗಲನ್ನು ಅರದಿಂದಲೋ ಚೂರಿಯಿಂದಲೋ ಕೊರೆಯಿರಿ. ಇಲ್ಲಿ ಅಂಕಿ ಬಿಟ್ಟುಬಿಡಿ. ಕಣ್ಣು ಮುಚ್ಚಿ ಹುಟ್ಟು ಹಿಡಿಯಿರಿ. ಹೆಬ್ಬೆರಳು, ತೋರುಬೆರಳು ಹಿಡಿಯ ಮೇಲೆ, ಉಳಿದ ಮೂರು ಅಲಗಿನ ಬುಡದ ಮೇಲೆ ಕೂರಬೇಕು. ಎಲ್ಲಿ ಒತ್ತುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ ಸವರಿ. ನನಗೆ ಇದಕ್ಕೇ ಒಂದಿಡೀ ಸಂಜೆ ಹಿಡಿಯಿತು.

ಸಮತೋಲ, ನುಣುಪು, ಎಣ್ಣೆ

ಸರಿ ಮಧ್ಯಕ್ಕೆ ಒಂದು ಬೆರಳ ಮೇಲೆ ಹುಟ್ಟನ್ನು ಇಡಿ. ಯಾವ ಕಡೆ ತೂಗುತ್ತದೋ ಆ ಅಲಗಿನಿಂದ ಇನ್ನಷ್ಟು ಕೀಸಿ. ಬಾಗುವಿಕೆ ನೋಡಲು ಎರಡು ತುದಿಯನ್ನೂ ಇಟ್ಟಿಗೆ ಮೇಲಿಟ್ಟು ಮಧ್ಯಕ್ಕೆ ಮೆಲ್ಲಗೆ ಒತ್ತಿ, ಮಗುಚಿ ಮತ್ತೆ ಒತ್ತಿ. ಸಣ್ಣಗೆ ಬಾಗಬೇಕು, ಎರಡು ಕಡೆಗೂ ಸಮನಾಗಿ. ಮೈಭಾರ ಹಾಕಿ ಪರೀಕ್ಷೆ ಮಾಡುವ ಉಮೇದು ಬೇಡ.

ಸ್ಯಾಂಡ್‌ಪೇಪರ್ 80, 120, 220 ಅಂತ ಏರಿಸಿಕೊಂಡು ಹೋಗಿ. 120 ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ನಾರಿನ ಸಣ್ಣ ಕೂದಲು ಎದ್ದು ನಿಲ್ಲುತ್ತದೆ, ಅದನ್ನು 220ರಲ್ಲಿ ತೆಗೆಯಿರಿ. ಈಗಲೇ ಎಬ್ಬಿಸಿ ತೆಗೆಯದಿದ್ದರೆ ಮೊದಲ ಸಲ ನೀರಿಗೆ ಇಳಿದಾಗ ಎದ್ದು ಅಂಗೈ ಗೀರುತ್ತದೆ.

ವಾರ್ನಿಷ್ ಬೇಡ. ಒದ್ದೆಯಾದರೆ ಜಾರುತ್ತದೆ, ಕೈಗೆ ಬೊಬ್ಬೆ ಬರುತ್ತದೆ. ಅಗಸೆ ಎಣ್ಣೆ ಸಾಕು. ಉತ್ತರ ಕರ್ನಾಟಕದ ಅಗಸಿ ಚಟ್ನಿಯ ಅದೇ ಅಗಸೆ. ಬಣ್ಣದಂಗಡಿಯಲ್ಲಿ ಡಬಲ್ ಬಾಯಿಲ್ಡ್ ಲಿನ್‌ಸೀಡ್ ಆಯಿಲ್ ಎಂದು ಕೇಳಿ, ಅದು ಬೇಗ ಒಣಗುತ್ತದೆ. ಬಟ್ಟೆಯಲ್ಲಿ ಹಚ್ಚಿ, ಕಾಲು ಗಂಟೆ ಬಿಟ್ಟು, ಹೀರದೆ ಉಳಿದದ್ದನ್ನು ಒರೆಸಿ. ದಿನಕ್ಕೊಂದು ಸಲದಂತೆ ನಾಲ್ಕು ದಿನ. ಆ ಬಟ್ಟೆಯನ್ನು ಮಾತ್ರ ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಉಂಡೆಯ ಒಳಗೆ ಶಾಖ ಸೇರಿ ತಾನಾಗಿಯೇ ಬೆಂಕಿ ಹತ್ತಬಹುದು. ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ಬಕೆಟ್ ನೀರಿನಲ್ಲಿ ಮುಳುಗಿಸಿಡಿ.

ತುದಿಗೆ ರಕ್ಷಣೆ ಬೇಕು. ಹಿಮಗಡ್ಡೆಗೆ ತಾಗಿ ಸವೆಯದಿರಲಿ ಎಂದು ಗ್ರೀನ್‌ಲ್ಯಾಂಡಿನವರು ಅಲಗಿನ ತುದಿಗೆ, ಕೆಲವು ಕಡೆ ಅಂಚಿಗೂ, ತಿಮಿಂಗಿಲದ ಮೂಳೆ, ವಾಲ್ರಸ್ ದಂತ, ಹಿಮಸಾರಂಗದ ಕೊಂಬಿನ ಪಟ್ಟಿ ಕೂರಿಸಿ ಮೊಳೆಯಂಥ ಸಣ್ಣ ಕಡ್ಡಿಗಳಿಂದ ಬಿಗಿಯುತ್ತಿದ್ದರು. ನಮಗೆ ದಂತದ ಗೊಡವೆ ಬೇಡ. ಎಣ್ಣೆ ಹಚ್ಚುವ ಮೊದಲೇ ತುದಿಯ ಮೂರು ನಾಲ್ಕು ಸೆಂಮೀಗೆ ಎಪಾಕ್ಸಿ ಎರಡು ಸಲ ಬಳಿದರೆ ನದಿ ಕೆಲಸಕ್ಕೆ ಸಾಕು. ಕೈಚಳಕ ಇರುವವರು ಗಟ್ಟಿ ಮರದ ಪಟ್ಟಿಯನ್ನು ಎಪಾಕ್ಸಿಯಲ್ಲಿ ಅಂಟಿಸಿ ಬಿದಿರ ಕಡ್ಡಿ ಹೊಡೆಯಬಹುದು.

ನೀರಿಗೆ

ಮೊದಲ ದಿನ ದಡದ ಹತ್ತಿರವೇ ಇರಿ, ಲೈಫ್ ಜಾಕೆಟ್ ಹಾಕಿಕೊಳ್ಳಿ. ಪ್ಲಾಸ್ಟಿಕ್ ಹುಟ್ಟಿನ ಅಭ್ಯಾಸದಲ್ಲಿ ಅಲಗನ್ನು ನೆಟ್ಟಗೆ ಇಳಿಸಿ ಎಳೆದರೆ ಅದು ನೀರಿನಲ್ಲಿ ಪಟಪಟ ಅದುರುತ್ತದೆ. ಹೆದರಬೇಡಿ, ಮಾಡಿದ್ದು ತಪ್ಪಾಗಿಲ್ಲ. ಅಲಗಿನ ಮೇಲಂಚನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, 20–30 ಡಿಗ್ರಿ ಇರಲಿ. ಅದುರುವುದು ನಿಂತು ಅಲಗು ನೀರಿನೊಳಗೆ ಮೆತ್ತಗೆ ಹೂತುಕೊಳ್ಳುತ್ತದೆ. ಕೈ ಕೆಳಮಟ್ಟದಲ್ಲಿರಲಿ, ಎದೆಗಿಂತ ಮೇಲೆ ಎತ್ತಬೇಕಿಲ್ಲ. ತೋಳಿಗಿಂತ ಸೊಂಟದ ಮೇಲಿನ ಮೈಯನ್ನು ತಿರುಗಿಸಿ ಎಳೆಯಿರಿ. ನೀರು ಗುಳುಗುಳು ಅಂದರೆ ಅಲಗಿನ ಜೊತೆ ಗಾಳಿಯೂ ಒಳಗೆ ಹೋಗುತ್ತಿದೆ ಎಂದು ತಿಳಿಯಿರಿ. ಇನ್ನೂ ನಿಧಾನವಾಗಿ ಇಳಿಸಿ.

ಇದು ಕೈಗೆ ಹತ್ತಿದ ಮೇಲೆ ಗಿಡ್ಡ ಹುಟ್ಟೊಂದನ್ನು ಮಾಡಿಕೊಳ್ಳಿ. ಅಲಗು ಇಷ್ಟೇ ಉದ್ದ, ಹಿಡಿ ಮಾತ್ರ ಎರಡು ಮುಷ್ಟಿಯಷ್ಟು. ಜೋರು ಗಾಳಿಯಲ್ಲಿ ಬಳಸುವಂಥದ್ದು. ಪ್ರತಿ ಎಳೆತಕ್ಕೂ ಹುಟ್ಟನ್ನೇ ಅತ್ತ ಇತ್ತ ಜಾರಿಸಬೇಕು, ಹಾಗಾಗಿ ಒಂದೇ ಅಲಗು ಹೊರಗೆ ಚಾಚಿರುತ್ತದೆ, ಗಾಳಿಗೆ ಸಿಗುವ ಮರ ಕಡಿಮೆ. ಅಲಗಿನ ಅಗಲ ಕೈಹಿಡಿತಕ್ಕೆ ಸರಿಯಾಗಿರಬೇಕು ಎಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಮನೆಯಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಬೇಡಿ, ಬಾಗುತ್ತದೆ. ಎರಡು ಗೂಟ ಹೊಡೆದು ಅಡ್ಡಲಾಗಿ ಇಡಿ, ಬಿಸಿಲು ಬೀಳದ ಕಡೆ. ಮೇಲೆ ಬಿದ್ದ ನೀರಿನ ಹನಿ ಉರುಳದೆ ಮರಕ್ಕೆ ಇಂಗತೊಡಗಿದರೆ ಮತ್ತೊಂದು ಸಲ ಎಣ್ಣೆ ಹಚ್ಚಿ. ನನ್ನದಕ್ಕೆ ವರ್ಷಕ್ಕೆ ಎರಡು ಸಲ ಬೇಕಾಗುತ್ತದೆ, ಮಳೆಗಾಲಕ್ಕೆ ಮುಂಚೆ ಒಮ್ಮೆ, ದೀಪಾವಳಿ ಕಳೆದು ಒಮ್ಮೆ.